ಹಾಲು, ಆಲು ಮತ್ತು ಆಫೀಸು

ಹಾಸನದ ಬಸ್ ಸ್ಟ್ಯಾಂಡಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತ್ಕೊಳ್ಳಿ. ಬೋರ್ಡಿನ ಮೇಲೆ 'ಹೊಳೆನರಸೀಪುರ' ಅಂತ ಬರೆದಿರುತ್ತೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಅಜ್ಜಿ ಕೇಳೋದು, 'ಒಳೆನರ್ಸೀಪುರುಕ್ಕೆ ಓಯ್ತದಾ ಮಗಾ?' ಅಂತ. ಹಾಸನ ಅನ್ನೋ ಊರೇ ಅವಳ ಬಾಯಲ್ಲಿ 'ಆಸನ'. ಅರಕಲಗೂಡಿನ ಸಂತೆಯಲ್ಲೂ ಅಷ್ಟೇ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲೂ ಅಷ್ಟೇ. ಹಕಾರ ನಮ್ಮ ಕಡೆ ಬರವಣಿಗೆಯಲ್ಲಿ ಉಂಟು, ನಾಲಗೆಯಲ್ಲಿ ಇಲ್ಲ.

ನನ್ನ ನಾಲಗೆಯಲ್ಲೂ ಇರಲಿಲ್ಲ. ನಾನು ಹೊಳೆನರಸೀಪುರ ತಾಲೂಕಿನ ಒಂದು ಸಣ್ಣ ಹಳ್ಳಿಯವನು. ಬೆಂಗಳೂರಿಗೆ ಬಂದು ಮೊದಲ ಕೆಲಸಕ್ಕೆ ಸೇರಿದಾಗ ಕ್ಯಾಂಟೀನಲ್ಲಿ 'ಒಂದು ಲೋಟ ಆಲು ಕೊಡಿ' ಅಂದೆ. ಜೊತೆಗಿದ್ದವನೊಬ್ಬ 'ಆಲೂಗಡ್ಡೇನಾ?' ಅಂತ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆರು ತಿಂಗಳು ಕಾಫಿ ಮಾತ್ರ ಕುಡಿದೆ. ಆ ಆರು ತಿಂಗಳಲ್ಲಿ ಬಚ್ಚಲುಮನೇಲಿ ನಿಂತು ಹಾಲು, ಹಣ್ಣು, ಹೂವು, ಹಳ್ಳಿ ಅಂತ ಒಬ್ಬನೇ ಹೇಳಿ ಹೇಳಿ ನಾಲಗೆ ತಿದ್ದಿಕೊಂಡೆ.

ಇದಕ್ಕೆ ಈಗ ಒಂದು ಹೆಸರಿದೆ, ಕೋಡ್ ಸ್ವಿಚಿಂಗ್. ಅಮೆರಿಕದ ಕರಿಯ ಜನ ಮನೆಯಲ್ಲಿ ಒಂದು ಇಂಗ್ಲಿಷು, ಬಿಳಿಯ ಮೇಲಧಿಕಾರಿಯ ಮುಂದೆ ಇನ್ನೊಂದು ಇಂಗ್ಲಿಷು ಆಡಬೇಕಾಗಿ ಬರುವ ಪಾಡಿಗೂ ಇದೇ ಹೆಸರು. ಓದುವಾಗ ನನಗೆ ಅನ್ನಿಸಿದ್ದು, ಅರೆ, ಇದು ನಮ್ಮ ತಾಲೂಕಿನ ಕತೆಯಲ್ಲವಾ ಅಂತ. ಅಲ್ಲಿ ಬಣ್ಣ, ಇಲ್ಲಿ ಜಾತಿ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಎರಡು ಕಡೆಯೂ ಬಾಯಿ ತೆರೆದ ಕೂಡಲೇ ಮನುಷ್ಯನಿಗೆ ಬೆಲೆ ಕಟ್ಟುತ್ತಾರೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 'ಹಾಲು' ಅನ್ನೋದು ಶುದ್ಧ, 'ಆಲು' ಅನ್ನೋದು ಕೆಟ್ಟದ್ದು ಅಂತ ಹೇಳುವವರು ಒಂದು ವಿಷಯ ಮರೆತಿರ್ತಾರೆ. ಹಾಲೂ ಒಂದು ಕಾಲಕ್ಕೆ 'ಪಾಲ್' ಆಗಿತ್ತು. ಪಂಪನ ಕಾಲದಲ್ಲಿ ಅದು ಪಕಾರವೇ. ತಮಿಳಿನಲ್ಲಿ ಇವತ್ತಿಗೂ ಪಾಲ್. ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪೊಸತು ಹೊಸತಾಯಿತು. ಹತ್ತನೇ ಶತಮಾನದಿಂದ ಈಚೆಗೆ ಮೆಲ್ಲಮೆಲ್ಲಗೆ, ಒಂದೊಂದೇ ಪದದಲ್ಲಿ, ಪಕಾರ ಸಡಿಲವಾಗಿ ಹಕಾರ ಆಯಿತು. ಆಗಲೂ ಯಾರೋ ಹಳೇ ಪಂಡಿತರು 'ಇದೇನಯ್ಯಾ ಈ ಹುಡುಗರು ಪಾಲನ್ನು ಹಾಲು ಅಂತಾರೆ' ಅಂತ ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ಪಕಾರ ಹಕಾರವಾದ ಮೇಲೆ ಆ ಹಕಾರವೂ ಉದುರಿಹೋಗೋದು ಅದೇ ದಾರಿಯ ಮುಂದಿನ ಹೆಜ್ಜೆ. ನಮ್ಮ ಅಜ್ಜಿ ಆ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದ್ದಾಳೆ, ಅಷ್ಟೇ.

1960ರ ಆಸುಪಾಸಿನಲ್ಲಿ ವಿಲಿಯಂ ಬ್ರೈಟ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಇದನ್ನೇ ಬರೆದ. ಬ್ರಾಹ್ಮಣರ ಆಡುಮಾತು ಮತ್ತು ಒಕ್ಕಲಿಗರ ಆಡುಮಾತನ್ನು ಅಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ನಮ್ಮ ಮೈಸೂರಿನವರೇ ಆದ ಎ. ಕೆ. ರಾಮಾನುಜನ್ ಜೊತೆ ಸೇರಿ ಇನ್ನೂ ಮುಂದಕ್ಕೆ ಹೋದ. ಅವರು ಕಂಡದ್ದು ಇಷ್ಟು: ಓದುಬರಹ ಇದ್ದವರ ಮಾತು ಸಂಸ್ಕೃತ, ಇಂಗ್ಲಿಷುಗಳಿಂದ ಪದ ಮತ್ತು ಉಚ್ಚಾರಣೆಯನ್ನು ತಿಳಿದೇ ತಂದುಕೊಳ್ಳುತ್ತೆ. ಓದಿಲ್ಲದವರ ಮಾತು ಭಾಷೆಯ ಒಳಗಿನ ನಿಯಮದಂತೆ ತನಗೇ ಗೊತ್ತಿಲ್ಲದೆ ಬದಲಾಗುತ್ತೆ. ಎರಡೂ ಬದಲಾಗುತ್ತವೆ. ಮೊದಲನೆಯದಕ್ಕೆ ಸುಧಾರಣೆ ಅಂತ ಹೆಸರು, ಎರಡನೆಯದಕ್ಕೆ ಅಪಭ್ರಂಶ ಅಂತ. ಹೆಸರಿಟ್ಟವರು ಯಾರು ಅನ್ನೋದು ಪ್ರಶ್ನೆ.

ಹೆಸರಿಟ್ಟವರು ಕಚೇರಿಯಲ್ಲಿ ಕೂತವರು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ವಾಪಸು ಕೊಟ್ಟಾಗ ಆಡಳಿತದ ಮೇಲ್ಮಟ್ಟದಲ್ಲಿ ಇಂಗ್ಲಿಷು ಗಟ್ಟಿಯಾಗಿ ಕೂತಿತ್ತು. ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್, ಇಬ್ಬರೂ ಮದ್ರಾಸ್ ಕಡೆಯಿಂದ ಬಂದವರು. ಆಗ ಮೊದಲ ಜಗಳ ಎದ್ದದ್ದು ಬ್ರಾಹ್ಮಣರೊಳಗೇ: ಮದ್ರಾಸಿನವರಾ, ಮೈಸೂರಿನವರಾ ಅಂತ. ಮೈಸೂರು ಮೈಸೂರಿಗರಿಗೆ ಅನ್ನೋ ಕೂಗು ಆ ಕಾಲದ್ದು. ಆ ಕೂಗಿನಲ್ಲಿ ನಮ್ಮಜ್ಜನಂಥವರ ದನಿ ಇರಲಿಲ್ಲ.

ಆ ದನಿ ಬರೋದಕ್ಕೆ ಇನ್ನೂ ಸ್ವಲ್ಪ ಕಾಲ ಹಿಡೀತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿ. ಮರುವರ್ಷ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬ್ರಾಹ್ಮಣೇತರರ ಮನವಿ ಹೋಯಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಕೆಡುತ್ತೆ, ದಕ್ಷತೆ ಹೋಗುತ್ತೆ ಅನ್ನೋದು ಅವರ ವಾದ. ಅವರು ಹುದ್ದೆಯಿಂದ ಇಳಿದರು. ಅವರ ಕಾಲದಲ್ಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆದದ್ದು ಅನ್ನೋದನ್ನೂ ಮರೆಯೋ ಹಾಗಿಲ್ಲ. ದೊಡ್ಡ ಮನುಷ್ಯರು. ಆದರೆ ದೊಡ್ಡವರಿಗೂ ಕೆಲವು ಕಡೆ ಕಣ್ಣು ಹಾಯೋದಿಲ್ಲ.

1919ರ ಮಿಲ್ಲರ್ ವರದಿ ಏನು ಹೇಳಿತು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅದರೊಳಗಿನ ಇನ್ನೊಂದು ಮಾತು. ದಕ್ಷತೆ ಅಂದರೆ ಪರೀಕ್ಷೆಯ ಅಂಕ, ಪುಸ್ತಕದ ಪಾಂಡಿತ್ಯ ಮಾತ್ರ ಅಲ್ಲ. ಜನರ ಬಗ್ಗೆ ಮರುಕ, ಪ್ರಾಮಾಣಿಕತೆ, ಹುಮ್ಮಸ್ಸು, ವ್ಯವಹಾರಜ್ಞಾನ ಇವೂ ಒಬ್ಬ ಅಧಿಕಾರಿಯನ್ನು ದಕ್ಷನನ್ನಾಗಿ ಮಾಡುತ್ತವೆ ಅನ್ನೋ ಅರ್ಥದ ಮಾತು. ನೂರು ವರ್ಷದ ಹಿಂದೆಯೇ ಸರ್ಕಾರಿ ಕಾಗದದಲ್ಲಿ ಬಂದುಬಿಟ್ಟಿದೆ, ನೋಡಿ.

ಹುದ್ದೆ ಸಿಕ್ಕಿತು. ಆದರೆ ಮಾತು? ಅದು ಮೀಸಲಾತಿಯ ಪಟ್ಟಿಯಲ್ಲಿ ಇರಲಿಲ್ಲ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಓದಿ ಗುಮಾಸ್ತೆಯಾದವನು ಕುರ್ಚಿಯ ಜೊತೆಗೆ ಆ ಕುರ್ಚಿಯ ಭಾಷೆಯನ್ನೂ ಕಲಿಯಬೇಕಾಗಿತ್ತು. ಹೀಗೆ ಕಲಿಯೋ ಗಡಿಬಿಡಿಯಲ್ಲಿ ಹುಟ್ಟಿದ ತಮಾಷೆ ನಿಮಗೂ ಗೊತ್ತು. ಸಭೆಯಲ್ಲಿ ಭಾಷಣಕಾರ 'ಆದರದ ಸ್ವಾಗತ' ಅನ್ನೋಕೆ ಹೋಗಿ 'ಹಾದರದ ಸ್ವಾಗತ' ಅಂದ ಅನ್ನೋ ಜೋಕು. ನಾನೂ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಈಗ ಯೋಚಿಸಿದರೆ ಅನ್ನಿಸುತ್ತೆ: ಆ ಮನುಷ್ಯ ಹಕಾರ ಬಿಟ್ಟು ಬೈಸಿಕೊಂಡು ಬೈಸಿಕೊಂಡು ಎಷ್ಟು ಹೆದರಿದ್ದ ಅಂದರೆ, ಇಲ್ಲದ ಕಡೆಯೂ ಹಕಾರ ಹಾಕಿಬಿಟ್ಟ. ನಾವು ನಗ್ತಿರೋದು ಅವನ ಭಯಕ್ಕೆ. ಲಂಡನ್ನಿನ ಬಡಜನರೂ ಹೀಗೇ ಹಕಾರ ನುಂಗುತ್ತಾರೆ. ಬರ್ನಾರ್ಡ್ ಷಾ ತನ್ನ 'ಪಿಗ್ಮೇಲಿಯನ್' ನಾಟಕದಲ್ಲಿ ಹೂ ಮಾರುವ ಹುಡುಗಿಯ ನಾಲಗೆ ತಿದ್ದುವ ಕತೆಯನ್ನೇ ಕಟ್ಟಿದ. ನಮ್ಮಲ್ಲಿ ಆ ಕತೆ ದಿನಾ ನಡೀತದೆ, ನಾಟಕ ಮಾತ್ರ ಆಗಿಲ್ಲ.

1996ರಲ್ಲಿ ನಮ್ಮ ತಾಲೂಕಿನ ಹರದನಹಳ್ಳಿಯ ಎಚ್. ಡಿ. ದೇವೇಗೌಡರು ಪ್ರಧಾನಿಯಾದರು. ಅವರ ರಾಜಕೀಯ ನಿಮಗೆ ಸೇರುತ್ತೋ ಬಿಡುತ್ತೋ, ಅದು ಬೇರೆ ಮಾತು. ಆ ವರ್ಷ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನಿಂತು ಕನ್ನಡ ಲಿಪಿಯಲ್ಲಿ ಬರೆದುಕೊಂಡ ಹಿಂದಿ ಭಾಷಣ ಓದಿದರು. ದೇಶದ ಅತಿ ಎತ್ತರದ ಕುರ್ಚಿಯಲ್ಲಿ ಕೂತವರೂ ಆ ಕುರ್ಚಿಯ ಭಾಷೆಗೆ ಬಾಗಬೇಕಾಯಿತು. ಊರಲ್ಲಿ ಜನ ಟೀವಿ ಮುಂದೆ ಕೂತು ಹೆಮ್ಮೆಪಟ್ಟರು. ನಗರದಲ್ಲಿ ಮಿಮಿಕ್ರಿ ಮಾಡಿದರು.

ಇಷ್ಟು ಬರೆದು ನಿಲ್ಲಿಸಿದರೆ ನನಗೆ ಅನುಕೂಲ. ಯಾಕಂದ್ರೆ ಇಲ್ಲೀವರೆಗೆ ನಾನು ನೊಂದವನ ಪಾತ್ರದಲ್ಲಿದ್ದೇನೆ. ಆದರೆ ನಾನು ಜೀವನದಲ್ಲಿ ಮೊದಲು ಕಂಡ ಕೋಡ್ ಸ್ವಿಚಿಂಗ್ ಬೆಂಗಳೂರಿನ ಕ್ಯಾಂಟೀನಲ್ಲಿ ಅಲ್ಲ, ನಮ್ಮನೆಯ ರಾಗಿ ಕಣದಲ್ಲಿ. ಕಣಕ್ಕೆ ಕೆಲಸಕ್ಕೆ ಬರ್ತಿದ್ದ ದಲಿತ ಕೇರಿಯ ಹಿರಿಯರೊಬ್ಬರು ತಮ್ಮ ಮಕ್ಕಳ ಜೊತೆ ಗಟ್ಟಿ ದನಿಯಲ್ಲಿ ನಗುನಗುತ್ತಾ ಮಾತಾಡ್ತಾ ಬರೋರು. ನಮ್ಮಪ್ಪ ಕಂಡ ಕೂಡಲೇ ದನಿ ಇಳೀತಿತ್ತು, ಮಾತಿಗೊಂದು 'ಬುದ್ದಿ' ಸೇರ್ಕೊಳ್ತಿತ್ತು. ಹತ್ತು ವರ್ಷದ ನನ್ನನ್ನೂ ಅವರು ಬಹುವಚನದಲ್ಲಿ ಕರೀತಿದ್ದರು. ನಾನು ಅವರನ್ನು ಏಕವಚನದಲ್ಲಿ. ಅದು ತಪ್ಪು ಅಂತ ಯಾರೂ ಹೇಳಲಿಲ್ಲ. ಅದೂ ಒಂದು ಕೆಲಸದ ಜಾಗವೇ ತಾನೇ? ಅಲ್ಲಿ ಮೇಲಧಿಕಾರಿ ನಾವು. ಅವರ ಮಾತಿನ ಧಾಟಿಯನ್ನು ಅಣಕಿಸಿ ನಗುತ್ತಿದ್ದವರೂ ನಾವೇ, ಅದೇ ಹಕಾರ ಬಾರದ ನಾಲಗೆಯವರು.

ಕೋಡ್ ಸ್ವಿಚಿಂಗ್ ಬಗ್ಗೆ ಜಗತ್ತಿಗೆ ಪಾಠ ಹೇಳಿದವರಲ್ಲಿ ಮುಖ್ಯನಾದ ಜಾನ್ ಗಂಪರ್ಜ್, ಕನ್ನಡ ಆಡುವ ಜನರ ನಡುವೆಯೂ ಕೆಲಸ ಮಾಡಿದ್ದ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ, ಮುಸ್ಲಿಮರು ಉರ್ದು, ಇನ್ನು ಕೆಲವರು ಮರಾಠಿ ಆಡ್ತಿದ್ದರು. 1971ರಲ್ಲಿ ಅವನು, ರಾಬರ್ಟ್ ವಿಲ್ಸನ್ ಸೇರಿ ಬರೆದದ್ದು ಏನಂದರೆ, ನೂರಾರು ವರ್ಷ ಅಕ್ಕಪಕ್ಕ ಬದುಕಿ ಅಲ್ಲಿನ ಭಾಷೆಗಳ ವ್ಯಾಕರಣ ಹೆಚ್ಚುಕಡಿಮೆ ಒಂದೇ ಆಗಿದೆ, ಪದಗಳು ಮಾತ್ರ ಬೇರೆ ಉಳಿದಿವೆ. ಬೀದಿಯಲ್ಲಿ ಒಂದಾದರೂ ಆಗ ಮನೆಯ ಮಾತು ಬಿಟ್ಟಿರಲಿಲ್ಲ. ಮಾತು ಬದಲಾಯಿಸೋದೇ ಅವಮಾನ ಅಲ್ಲ ಅನ್ನೋದು ನನಗೆ ಅಲ್ಲಿಂದ ತಿಳೀತು. ಇಬ್ಬರೂ ಬದಲಾಯಿಸಿದರೆ ಅದು ವ್ಯವಹಾರ. ಯಾವಾಗಲೂ ಒಬ್ಬನೇ ಬದಲಾಯಿಸಬೇಕು ಅಂದಾಗ ಅದು ಅಸಮಾನತೆ.

ಕೆಲವು ವರ್ಷದ ಹಿಂದೆ ನಾನು ಸಂದರ್ಶನ ಮಾಡುವವರ ಕಡೆ ಕೂತಿದ್ದೆ. ಚನ್ನರಾಯಪಟ್ಟಣ ಕಡೆಯ ಹುಡುಗ. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ, ಒಡೆದ ಇಂಗ್ಲಿಷಲ್ಲಿ. ನಡುವೆ ಕನ್ನಡಕ್ಕೆ ತಿರುಗಿ, 'ಸರ್, ನಿಮ್ಮ ಹಾಫೀಸಲ್ಲಿ...' ಅಂದ. ಆ ಹಕಾರ ಎಲ್ಲಿಂದ ಬಂತು ಅಂತ ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಪಕ್ಕದವರು ತುಟಿ ಕಚ್ಚಿ ನಗು ತಡೆದರು. ಫಾರಮ್ಮಿನಲ್ಲಿ 'ಕಮ್ಯುನಿಕೇಶನ್' ಅಂತ ಒಂದು ಕಲಮ್ಮಿತ್ತು, ಐದಕ್ಕೆ ಅಂಕ. ಎಲ್ಲರೂ ಎರಡು ಕೊಟ್ಟರು. ನಾನೂ ಎರಡೇ ಕೊಟ್ಟೆ. ಹುಡುಗನಿಗೆ ಕೆಲಸ ಸಿಗಲಿಲ್ಲ.

ಮೂರು ಯಾಕೆ ಕೊಡಲಿಲ್ಲ ಅಂತ ಆಮೇಲೆ ತುಂಬಾ ಸಲ ಕೇಳಿಕೊಂಡಿದ್ದೇನೆ. ಮೂರು ಕೊಟ್ಟಿದ್ದರೆ ಪಕ್ಕದವರು ನನ್ನ ಕಡೆ ತಿರುಗಿ ನೋಡೋರು. ಇವನೂ ಅವನ ಕಡೆಯವನೇ ಅಂತ ಗೊತ್ತಾಗೋದು. ಅದಕ್ಕೇ. ಮಿಲ್ಲರ್ ಸಮಿತಿ ದಕ್ಷತೆಯ ಅರ್ಥವನ್ನು ಹಿಗ್ಗಿಸಿತ್ತು. ನಾನು ನೂರು ವರ್ಷದ ನಂತರ ಕೂತು ಅದನ್ನು ಮತ್ತೆ ಒಂದು ಅಕ್ಷರಕ್ಕೆ ಇಳಿಸಿದೆ.

ಈಗ ನಾನಿರುವ ಕಡೆ ಆ ಕಲಮ್ಮಿನ ಎದುರು ಬರೀ ಅಂಕ ಹಾಕೋ ಹಾಗಿಲ್ಲ. ಅಭ್ಯರ್ಥಿ ಹೇಳಿದ್ದರಲ್ಲಿ ಯಾವುದು ಅರ್ಥವಾಗಲಿಲ್ಲ ಅಂತ ಒಂದು ಸಾಲು ಬರೀಬೇಕು. ಜಗಳ ಮಾಡಿ ಮಾಡಿಸಿದ್ದು. ಸಣ್ಣ ವಿಷಯವೇ. ಆದರೆ ಎರಡು ಅಂಕ ಕೊಡುವವರು ಈಗ ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸ್ತಾರೆ. ಬಹಳಷ್ಟು ಸಲ ಬರೆಯೋದಕ್ಕೆ ಏನೂ ಸಿಕ್ಕೋದಿಲ್ಲ.