ಮೆಲನೋಮಾ ಹರಡುವಿಕೆ ಮತ್ತು ರೋಗಿಯ ವಯಸ್ಸು

ಮೆಲನೋಮಾ ಎಂಬುದು ಚರ್ಮಕ್ಕೆ ಬಣ್ಣ ನೀಡುವ ಮೆಲನೋಸೈಟ್ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಚರ್ಮದ ಇತರ ಕ್ಯಾನ್ಸರ್‌ಗಳಿಗಿಂತ ಇದು ವಿರಳ. ಆದರೆ ಬೇಗನೆ ಬೇರೆ ಅಂಗಗಳಿಗೆ ಹರಡುವುದರಿಂದ ಹೆಚ್ಚು ಅಪಾಯಕಾರಿ. ಗಡ್ಡೆಯ ದಪ್ಪ ಒಂದೇ ಆಗಿದ್ದರೂ ವಯಸ್ಸಾದವರಲ್ಲಿ ಈ ರೋಗದಿಂದ ಸಾಯುವ ಸಂಭವ ಕಿರಿಯರಿಗಿಂತ ಹೆಚ್ಚು. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಮೆಲನೋಮಾ ತಗಲುತ್ತದೆ. ಇಲ್ಲಿ ಅದು ಬಿಸಿಲಿಗೆ ಒಡ್ಡಿಕೊಂಡ ಚರ್ಮಕ್ಕಿಂತ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದು ಗಮನಾರ್ಹ.

ಹರಡುವ ದಾರಿಗಳು

ಕ್ಯಾನ್ಸರ್ ಕೋಶಗಳು ಮೂಲ ಗಡ್ಡೆಯಿಂದ ದುಗ್ಧರಸ ನಾಳಗಳ ಮೂಲಕ ಅಥವಾ ರಕ್ತದ ಮೂಲಕ ಹೊರಡುತ್ತವೆ. ದುಗ್ಧರಸ ಮೊದಲು ತಲುಪುವ ಗ್ರಂಥಿಯನ್ನು ಕಾವಲು ಗ್ರಂಥಿ ಎನ್ನುತ್ತಾರೆ. ಅದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ರೋಗ ಎಷ್ಟು ದೂರ ಸಾಗಿದೆ ಎಂಬ ಅಂದಾಜು ಸಿಗುತ್ತದೆ. ಗಡ್ಡೆಯ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆಯುವ ಕ್ರಮವನ್ನು 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಮಂಡಿಸಿದರು. 1 ಮಿ.ಮೀ.ವರೆಗಿನ ಗಡ್ಡೆ ತೆಳುವಾದುದು, 4 ಮಿ.ಮೀ. ಮೀರಿದ್ದು ಅತಿ ದಪ್ಪದ್ದು.

ವಯಸ್ಸಿನ ವಿರೋಧಾಭಾಸ

ಮಕ್ಕಳು ಮತ್ತು ಯುವಕರಲ್ಲಿ ಕಾವಲು ಗ್ರಂಥಿಗೆ ರೋಗ ತಲುಪಿರುವುದು ಹೆಚ್ಚಾಗಿ ಕಂಡುಬರುತ್ತದೆ, ಆದರೂ ಅವರು ಬದುಕುಳಿಯುವ ಪ್ರಮಾಣ ಉತ್ತಮ. ವೃದ್ಧರಲ್ಲಿ ಗ್ರಂಥಿ ಶುದ್ಧವಾಗಿರುವುದೇ ಹೆಚ್ಚು, ಆದರೆ ಫಲಿತಾಂಶ ಕೆಟ್ಟದು. ದುರ್ಬಲ ದೇಹ, ತಡವಾದ ಪತ್ತೆ ಎಂಬ ವಿವರಣೆಗಳು ಇದಕ್ಕೆ ಸಾಲುವುದಿಲ್ಲ. ಗಡ್ಡೆ ಬೆಳೆಯುವ ನೆಲವೇ ವಯಸ್ಸಿನೊಂದಿಗೆ ಬದಲಾಗುತ್ತದೆ ಎಂಬುದನ್ನು ಶ್ರೀಲಂಕಾ ಮೂಲದ ವಿಜ್ಞಾನಿ ಅಶನಿ ವೀರರತ್ನ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ನಡೆಸಿದ ಸಂಶೋಧನೆಗಳು ತೋರಿಸಿವೆ.

ಈ ತಂಡ 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಮೆಲನೋಮಾ ಕೋಶಗಳನ್ನು ಎಳೆಯ ಮತ್ತು ಮುದಿ ಇಲಿಗಳ ಚರ್ಮಕ್ಕೆ ಸೇರಿಸಲಾಯಿತು. ಮುದಿ ಇಲಿಗಳ ಚರ್ಮದಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು, ಆದರೆ ಶ್ವಾಸಕೋಶಕ್ಕೆ ಹೆಚ್ಚು ಹರಡಿತು. ಚರ್ಮದ ಆಧಾರ ಅಂಗಾಂಶವನ್ನು ಕಟ್ಟುವ ಫೈಬ್ರೊಬ್ಲಾಸ್ಟ್ ಕೋಶಗಳು ವಯಸ್ಸಾದಂತೆ ಎಸ್‌ಎಫ್‌ಆರ್‌ಪಿ2 ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸುತ್ತವೆ. ಇದು ಕ್ಯಾನ್ಸರ್ ಕೋಶಗಳ ಆಕ್ರಮಣಶೀಲತೆಯನ್ನೂ ಕೆಲವು ಔಷಧಿಗಳನ್ನು ತಾಳಿಕೊಳ್ಳುವ ಶಕ್ತಿಯನ್ನೂ ಹೆಚ್ಚಿಸುತ್ತದೆ.

ಗ್ರಂಥಿಯ ಒಗಟಿಗೆ 2019ರ ಸಂಶೋಧನೆಗಳಲ್ಲಿ ಒಂದು ಉತ್ತರ ದೊರೆಯಿತು. ಕೊಲಾಜೆನ್ ಎಳೆಗಳನ್ನು ಹೆಣೆದಿಡಲು ನೆರವಾಗುವ ಎಚ್‌ಎಪಿಎಲ್‌ಎನ್1 ಎಂಬ ಪ್ರೋಟೀನು ಮುಪ್ಪಿನಲ್ಲಿ ಕಡಿಮೆಯಾಗುತ್ತದೆ. ಆಗ ದುಗ್ಧರಸ ನಾಳಗಳ ಗೋಡೆ ಸೋರತೊಡಗುತ್ತದೆ; ಕೋಶಗಳು ಗ್ರಂಥಿಯಲ್ಲಿ ನಿಲ್ಲದೆ ಬೇರೆ ದಾರಿಯಿಂದ ದೂರದ ಅಂಗಗಳನ್ನು ಸೇರುತ್ತವೆ. ಶ್ವಾಸಕೋಶ ತಲುಪಿ ಸುಪ್ತವಾಗಿದ್ದ ಕೋಶಗಳನ್ನು ಮುಪ್ಪಾದ ಶ್ವಾಸಕೋಶದ ಫೈಬ್ರೊಬ್ಲಾಸ್ಟ್‌ಗಳು ಮತ್ತೆ ಬೆಳೆಯಲು ಬಿಡುತ್ತವೆ ಎಂಬುದನ್ನು 2022ರಲ್ಲಿ ಇದೇ ತಂಡ ವರದಿ ಮಾಡಿತು. ಇವುಗಳಲ್ಲಿ ಹೆಚ್ಚಿನವು ಇಲಿಗಳ ಮತ್ತು ಪ್ರಯೋಗಾಲಯದ ಫಲಿತಾಂಶಗಳು ಎಂಬುದನ್ನು ನೆನಪಿಡಬೇಕು.

ಕಿರಿಯರಿಗೆ ಅಪಾಯವಿಲ್ಲ ಎಂದು ಇದರ ಅರ್ಥವಲ್ಲ. ಕಾಲ್ಬೆರಳಿನ ಉಗುರಿನ ಅಡಿಯ ಮೆಲನೋಮಾದಿಂದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಚಿಕಿತ್ಸೆ

ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ಹರಡಿದ ರೋಗಕ್ಕೆ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಔಷಧಿಗಳಿವೆ. ಅವುಗಳಲ್ಲಿ ಒಂದಾದ ಪೆಂಬ್ರೊಲಿಜುಮ್ಯಾಬ್‌ಗೆ 60 ದಾಟಿದ ರೋಗಿಗಳು ಕಿರಿಯರಿಗಿಂತ ಚೆನ್ನಾಗಿ ಸ್ಪಂದಿಸಿದರೆಂದು 2018ರ ಅಧ್ಯಯನವೊಂದು ತಿಳಿಸಿತು. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಚಿಕಿತ್ಸೆ ಕೈಬಿಡುವುದಕ್ಕೆ ಆಧಾರವಿಲ್ಲ.

ಪುತ್ತೂರು, ಸುಳ್ಯ ಮತ್ತು ಕಡಬದ ಸಂದರ್ಭ

ದಕ್ಷಿಣ ಕನ್ನಡ ಜಿಲ್ಲೆಯ ಈ ಮೂರು ತಾಲೂಕುಗಳು ಪಶ್ಚಿಮ ಘಟ್ಟದ ತಪ್ಪಲಿನ ಅಡಿಕೆ, ರಬ್ಬರ್ ಮತ್ತು ಗೇರು ಬೆಳೆಯುವ ಪ್ರದೇಶಗಳು. ತೋಟದಲ್ಲಿ ಬರಿಗಾಲಲ್ಲಿ ದುಡಿದ ಹಿರಿಯರ ಅಂಗಾಲಿನಲ್ಲಿ ಆಣಿ, ಒಡಕು, ಮುಳ್ಳು ಚುಚ್ಚಿದ ಗುರುತು ಸಾಮಾನ್ಯ. ಅವುಗಳ ನಡುವೆ ಮೂಡುವ ಕಪ್ಪು ಮಚ್ಚೆಯನ್ನು ಆಣಿಯೆಂದೋ ಹೆಪ್ಪುಗಟ್ಟಿದ ರಕ್ತವೆಂದೋ ಕಡೆಗಣಿಸುವುದು ಸುಲಭ. ಅಂಗಾಲಿನಲ್ಲಿ ಹೆಚ್ಚು ಭಾರ ಬೀಳುವ ಕಡೆ ಮೆಲನೋಮಾ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಬರಿಗಾಲ ನಡಿಗೆಯೇ ಕಾರಣವೆಂದು ಸಿದ್ಧವಾಗಿಲ್ಲ. ವರ್ಷಗಟ್ಟಲೆ ಮಾಯದ ಹುಣ್ಣು ಮತ್ತು ಸುಟ್ಟ ಗಾಯದ ಕಲೆಯಲ್ಲಿ ಹುಟ್ಟುವುದು ಸಾಮಾನ್ಯವಾಗಿ ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಎಂಬ ಬೇರೆ ರೋಗ.

ಬಣ್ಣ ಅಥವಾ ಅಂಚು ಬದಲಾಗುತ್ತಿರುವ ಮಚ್ಚೆ, ಕೆಲವು ವಾರಗಳಲ್ಲಿ ಮಾಯದೆ ರಕ್ತ ಒಸರುವ ಗಾಯ, ಉಗುರಿನಿಂದ ಪಕ್ಕದ ಚರ್ಮಕ್ಕೆ ಹಬ್ಬುವ ಕಪ್ಪು ಗೆರೆ ಇದ್ದರೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಪುತ್ತೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿವೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ರೋಗ ಖಚಿತವಾಗುವುದು ತುಣುಕು ಪರೀಕ್ಷೆಯಿಂದ ಮಾತ್ರ. ಬ್ಲೇಡಿನಿಂದ ಕೆತ್ತುವುದು ಅಥವಾ ಸುಡುವುದು ಪತ್ತೆಯನ್ನು ತಡಮಾಡುತ್ತದೆ. ಅಂಗಾಲಿನ ಮೆಲನೋಮಾ ಸಾಮಾನ್ಯವಾಗಿ ತೊಡೆಸಂದಿನ ಗ್ರಂಥಿಗಳಿಗೆ ಮೊದಲು ಹರಡುವುದರಿಂದ ವೈದ್ಯರು ಅಲ್ಲಿ ಗಂಟು ಇದೆಯೇ ಎಂದು ಒತ್ತಿ ನೋಡುತ್ತಾರೆ. ಇಳಿವಯಸ್ಸಿನವರಲ್ಲಿ ಗಂಟು ಇಲ್ಲದಿದ್ದರೂ ರೋಗ ಶ್ವಾಸಕೋಶ ಸೇರಿರಬಹುದಾದ್ದರಿಂದ, ಗಡ್ಡೆ ದಪ್ಪವಾಗಿದ್ದರೆ ಎದೆ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಲಾಗುತ್ತದೆ.