ಕೆಳಗಿಳಿದವರ ಚರಿತ್ರೆ

ಗೆದ್ದವರ ಚರಿತ್ರೆಯನ್ನು ಬರೆಯುವ ಲೇಖನಿಗಳಿಗೆ ಬರವಿಲ್ಲ. ಬಿದ್ದವರು ಆಮೇಲೆ ಏನಾದರು ಎಂದು ವಿಚಾರಿಸುವವರು ಮಾತ್ರ ವಿರಳ. ಕನ್ನಡ ಪಾಠ ಹೇಳಿ ನಿವೃತ್ತನಾದವನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಮಾತೆತ್ತಿದರೆ ಕೇಳುಗರಿಗೆ ಸೋಜಿಗವಾದೀತು. ಆದರೆ ಆ ಕ್ರೀಡೆಯ ಒಂದು ಕಠೋರ ನಿಯಮವೂ, ಅದರ ಏಟು ತಿಂದ ಊರುಗಳ ಪಾಡೂ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಯಾರನ್ನಾದರೂ ಸೆಳೆಯುವಂಥವು. ಆ ನಿಯಮವನ್ನು ನಾವು ಹಿಂಬಡ್ತಿ ಎಂದು ಕರೆಯೋಣ. ನಮ್ಮ ಶಾಲೆಗಳಲ್ಲಿ ನಪಾಸಾದ ಹುಡುಗ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರುತ್ತಾನೆ. ಅಲ್ಲಿಯಾದರೋ, ಕೊನೆಯ ಸ್ಥಾನಗಳಿಗೆ ಜಾರಿದ ತಂಡ ಮರುವರ್ಷ ಕೆಳಗಿನ ತರಗತಿಗೇ ಹೋಗಿ ಕೂರಬೇಕು.

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1888ರಲ್ಲಿ 12 ಕ್ಲಬ್ಬುಗಳಿಂದ ಆರಂಭವಾಯಿತು. 1892ರಲ್ಲಿ ಎರಡನೆಯ ಡಿವಿಷನ್ ಹುಟ್ಟಿತು. ಮೊದಲ ಕೆಲವು ವರ್ಷ ಮೇಲಿನ ಡಿವಿಷನ್ನಿನ ಕೊನೆಯ ತಂಡಗಳಿಗೂ ಕೆಳಗಿನ ಡಿವಿಷನ್ನಿನ ಮೊದಲ ತಂಡಗಳಿಗೂ ಪರೀಕ್ಷಾ ಪಂದ್ಯಗಳನ್ನು ಆಡಿಸಿ, ಯಾರು ಮೇಲಿರಬೇಕು, ಯಾರು ಕೆಳಗಿರಬೇಕು ಎಂದು ತೀರ್ಮಾನಿಸುತ್ತಿದ್ದರು. 1898ರಿಂದಾಚೆಗೆ ಆ ಪರೀಕ್ಷೆಯೂ ಹೋಯಿತು. ಕೊನೆಗುಳಿದವರು ತಾವಾಗಿಯೇ ಕೆಳಗಿಳಿಯುವ ಕ್ರಮ ಬಂದಿತು. ಈ ನಿಯಮಕ್ಕೆ ಕುಲಗೌರವದ ದಾಕ್ಷಿಣ್ಯವಿಲ್ಲ. 1937ರಲ್ಲಿ ಚಾಂಪಿಯನ್ ಆಗಿದ್ದ ಮ್ಯಾಂಚೆಸ್ಟರ್ ಸಿಟಿ ಮರುವರ್ಷವೇ ಕೆಳಗಿಳಿಯಿತು. ಆ ವರ್ಷ ಇಡೀ ಡಿವಿಷನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು, ಅಂದರೆ 80, ಹೊಡೆದ ತಂಡವೂ ಅದೇ ಆಗಿತ್ತೆಂಬುದು ವಿಧಿಯ ವಿನೋದ.

ಬಿದ್ದವರಲ್ಲಿ ಬೇಗನೆ ಎದ್ದವರೂ ಉಂಟು. ಮ್ಯಾಂಚೆಸ್ಟರ್ ಯುನೈಟೆಡ್ 1968ರಲ್ಲಿ ಯೂರೋಪಿಯನ್ ಕಪ್ ಗೆದ್ದ ತಂಡ. ಆರೇ ವರ್ಷಗಳಲ್ಲಿ, 1974ರ ಏಪ್ರಿಲ್ 27ರಂದು, ತನ್ನ ಸ್ವಂತ ಮೈದಾನದಲ್ಲಿಯೇ ಅದು ನೆರೆಯ ಸಿಟಿ ತಂಡಕ್ಕೆ ಸೋತಿತು. ಹಿಮ್ಮಡಿಯಿಂದ ಚೆಂಡನ್ನು ಒಳಕ್ಕೆ ತಳ್ಳಿದವನು ಡೆನಿಸ್ ಲಾ. ಯುನೈಟೆಡ್ಡಿಗಾಗಿಯೇ 11 ವರ್ಷ ಆಡಿದ್ದ ಆತ ಆ ಗೋಲಿಗೆ ಸಂಭ್ರಮಿಸಲಿಲ್ಲ. ಬೇರೆಡೆಯ ಫಲಿತಾಂಶಗಳಿಂದಾಗಿ ಆ ಗೋಲು ಬೀಳದಿದ್ದರೂ ಯುನೈಟೆಡ್ ಕೆಳಗಿಳಿಯುತ್ತಿತ್ತು. ಆದರೂ ಜನರ ನೆನಪಿನಲ್ಲಿ ಉಳಿದದ್ದು ಆ ಹಿಮ್ಮಡಿಯೇ. ಕ್ಲಬ್ಬು ತರಬೇತುದಾರ ಟಾಮಿ ಡಾಕರ್ಟಿಯನ್ನು ಓಡಿಸಲಿಲ್ಲ; ಪ್ರೇಕ್ಷಕರೂ ಕ್ಲಬ್ಬನ್ನು ತೊರೆಯಲಿಲ್ಲ. ಒಂದೇ ವರ್ಷದಲ್ಲಿ ಅದು ಮೇಲೆ ಬಂದಿತು. 1972ರಲ್ಲಿ ಕೆಳಗಿಳಿದ ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಕಥೆ ಇನ್ನೂ ಅಚ್ಚರಿಯದು. 1975ರ ಜನವರಿಯಲ್ಲಿ ಬ್ರಯನ್ ಕ್ಲಫ್ ಅದರ ಹೊಣೆ ಹೊತ್ತರು. 1977ರಲ್ಲಿ ಅದು ಬಡ್ತಿ ಪಡೆಯಿತು. 1978ರಲ್ಲಿ ಇಂಗ್ಲೆಂಡಿಗೂ, 1979 ಮತ್ತು 1980ರಲ್ಲಿ ಯೂರೋಪಿಗೂ ಚಾಂಪಿಯನ್ ಆಯಿತು.

ಇವರೆಲ್ಲ ಎದ್ದದ್ದು ಬರಿಯ ಛಲದಿಂದಲೇ ಎಂದು ಹೇಳಿದರೆ ಅದು ನೀತಿಪಾಠವಾದೀತೇ ಹೊರತು ಚರಿತ್ರೆಯಾಗದು. ಆ ಕಾಲದಲ್ಲಿ ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ಅಂತರ ಕಡಮೆಯಿತ್ತು. ಟಿಕೆಟಿನ ಹಣದಲ್ಲಿ ಒಂದು ಪಾಲು ಅತಿಥಿ ತಂಡಕ್ಕೂ ಸಲ್ಲುತ್ತಿತ್ತು. ದೂರದರ್ಶನದ ಹಣ ನಾಲ್ಕು ಡಿವಿಷನ್ನುಗಳ 92 ಕ್ಲಬ್ಬುಗಳಿಗೂ ಹಂಚಿಕೆಯಾಗುತ್ತಿತ್ತು. ಕೆಳಗಿಳಿದವನಿಗೆ ಮಾನ ಹೋಗುತ್ತಿತ್ತು, ಅನ್ನ ಹೋಗುತ್ತಿರಲಿಲ್ಲ.

ಆಗಲೂ ಸಾಲ ಮಾಡಿ ಬಿದ್ದವರ ಪಾಡು ಬೇರೆಯೇ ಆಗಿತ್ತು. 1950ರ ದಶಕದಲ್ಲಿ ಮೂರು ಸಲ ಚಾಂಪಿಯನ್ ಆಗಿದ್ದ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ 1979ರಲ್ಲಿ ಭಾರಿ ಖರ್ಚಿನಿಂದ ಹೊಸ ಪ್ರೇಕ್ಷಕಾಂಗಣವನ್ನು ಕಟ್ಟಿಸಿತು. ಆಮೇಲೆ ಮೈದಾನವನ್ನೇ ಅದರತ್ತ ಸರಿಸುವ ಯೋಜನೆಯಿತ್ತು. ಅದು ಕೈಗೂಡದೆ, ಹೊಸ ಕಟ್ಟಡ ಆಟದಿಂದ ದೂರವಾಗಿ ಒಂಟಿಯಾಗಿ ನಿಂತಿತು. ಸಾಲ ಮಾತ್ರ ಹತ್ತಿರವೇ ಇತ್ತು. 1984, 1985, 1986, ಹೀಗೆ ಸತತ ಮೂರು ವರ್ಷ ಇಳಿದು ಕ್ಲಬ್ಬು ನಾಲ್ಕನೆಯ ಡಿವಿಷನ್ನಿಗೆ ಬಂದಿತು. ಕೊನೆಗೆ ಊರಿನ ಪೌರಸಭೆಯೇ ಮೈದಾನವನ್ನು ಕೊಂಡು ಕಾಪಾಡಬೇಕಾಯಿತು. ಸ್ಟೀವ್ ಬುಲ್ ಎಂಬ ಆಟಗಾರನ ಗೋಲುಗಳು ತಂಡವನ್ನು 1989ರ ವೇಳೆಗೆ ಎರಡನೆಯ ಡಿವಿಷನ್ನಿಗೆ ಎತ್ತಿದವು. ಆದರೆ ಅಗ್ರಶ್ರೇಣಿಯನ್ನು ಮತ್ತೆ ಕಾಣಲು 2003 ಬರಬೇಕಾಯಿತು.

ಅದಕ್ಕೂ ಮೊದಲೇ ಬ್ರಿಸ್ಟಲ್ ಸಿಟಿ 1980ರಿಂದ 1982ರವರೆಗೆ ಹೀಗೆಯೇ ಮೂರು ಮೆಟ್ಟಿಲು ಉರುಳಿತ್ತು. ಮೇಲಿದ್ದಾಗ ಆಟಗಾರರಿಗೆ ಬರೆದುಕೊಟ್ಟ ದೀರ್ಘಾವಧಿಯ ಕರಾರುಗಳೇ ಕೆಳಗಿಳಿದ ಮೇಲೆ ಉರುಳಾದವು. 1982ರ ಫೆಬ್ರವರಿಯಲ್ಲಿ ಎಂಟು ಮಂದಿ ಆಟಗಾರರು ತಮ್ಮ ಕರಾರುಗಳ ರದ್ದತಿಗೆ ಒಪ್ಪಿದರು. ಒಪ್ಪದಿದ್ದರೆ ಕ್ಲಬ್ಬಿನ ಬಾಗಿಲೇ ಮುಚ್ಚುತ್ತಿತ್ತು. ಕ್ಲಬ್ಬು ಬದುಕಿತು, ಅವರ ಜೀವನೋಪಾಯ ಹೋಯಿತು. ಬೀಳುವುದು ತಂಡ, ಪೆಟ್ಟಾಗುವುದು ಮನುಷ್ಯರಿಗೆ.

ಮುಂದೆ ಮೆಟ್ಟಿಲು ಕಮರಿಯಾದ ಬಗೆಯನ್ನು ಗಮನಿಸಬೇಕು. 1983ರಲ್ಲಿ ಟಿಕೆಟಿನ ಹಣವೆಲ್ಲ ಆತಿಥೇಯ ಕ್ಲಬ್ಬಿಗೇ ಎಂದಾಯಿತು. 1985ರ ಒಪ್ಪಂದ ದೂರದರ್ಶನದ ಹಣದಲ್ಲಿ ಅರ್ಧವನ್ನು ಪ್ರಥಮ ಡಿವಿಷನ್ನಿಗೆ ಕೊಟ್ಟಿತು. 1992ರಲ್ಲಿ ಆ ಡಿವಿಷನ್ನೇ ಸಿಡಿದು ಪ್ರೀಮಿಯರ್ ಲೀಗ್ ಆಯಿತು. ಕೆಳಗಿಳಿದವರು ಒಮ್ಮೆಲೇ ನೆಲಕ್ಕಪ್ಪಳಿಸದಿರಲೆಂದು ಪ್ಯಾರಾಷೂಟ್ ಹಣ ಎಂಬ ಏರ್ಪಾಟನ್ನೂ ಮಾಡಿದರು. 2016ರಿಂದೀಚೆಗೆ ಬಂದ ಕ್ರಮದಂತೆ, ಪ್ರಸಾರದ ಸಮಪಾಲಿನಲ್ಲಿ ಮೊದಲ ವರ್ಷ ಶೇಕಡ 55, ಎರಡನೆಯ ವರ್ಷ 45, ಮೂರನೆಯ ವರ್ಷ 20 ದೊರೆಯುತ್ತದೆ. ಮೇಲೆ ಒಂದೇ ವರ್ಷ ಇದ್ದವರಿಗೆ ಎರಡೇ ಕಂತು. ಬಿದ್ದವನನ್ನು ಕಾಯುವ ಈ ಕೊಡೆ, ಮೊದಲಿನಿಂದಲೂ ಕೆಳಗೇ ಇದ್ದವನಿಗೆ ಅನ್ಯಾಯವಾಗಿ ಕಾಣುವುದು ಸಹಜ.

ಅತಿಯಾಸೆಗೆ ಆ ಕೊಡೆಯೂ ಸಾಲದು. 2001ರಲ್ಲಿ ಚಾಂಪಿಯನ್ಸ್ ಲೀಗಿನ ಉಪಾಂತ್ಯಕ್ಕೇರಿದ ಲೀಡ್ಸ್ ಯುನೈಟೆಡ್, ಬರಲಿರುವ ಹಣವನ್ನು ನಂಬಿ ಸಾಲ ಮಾಡಿತ್ತು. 2004ರಲ್ಲಿ ಅದು ಕೆಳಗಿಳಿಯಿತು. ಅದೇ ವರ್ಷ ತನ್ನ ಮೈದಾನವನ್ನೂ ಮಾರಿತು. 2007ರಲ್ಲಿ ಮೂರನೆಯ ಹಂತಕ್ಕೆ ಕುಸಿಯಿತು. ಮತ್ತೆ ಮೇಲೇರಿದ್ದು 2020ರಲ್ಲಿ, 16 ವರ್ಷಗಳ ತರುವಾಯ.

ಕೊನೆಯದಾಗಿ ಲೂಟನ್ ಎಂಬ ಊರಿನ ಮಾತು. ಪ್ರೀಮಿಯರ್ ಲೀಗ್ ಆರಂಭವಾಗುವ ಮುನ್ನಿನ ಕೊನೆಯ ಋತುವಿನಲ್ಲಿಯೇ ಲೂಟನ್ ಟೌನ್ ಕೆಳಗಿಳಿಯಿತು. ಹೊಸ ಸಂಪತ್ತಿನ ಬಾಗಿಲು ಅದರ ಮುಖದೆದುರೇ ಮುಚ್ಚಿತು. 2008ರ ಋತುವಿನಲ್ಲಿ, ಹಣಕಾಸಿನ ತಪ್ಪುಗಳಿಗಾಗಿ 30 ಅಂಕಗಳ ದಂಡ ತೆತ್ತು, ಲೀಗಿನಿಂದಲೇ ಹೊರಬಿದ್ದಿತು. ಕ್ಲಬ್ಬನ್ನು ಅಭಿಮಾನಿಗಳ ಕೂಟವೊಂದು ಕೈಗೆತ್ತಿಕೊಂಡು ನಿಧಾನವಾಗಿ ಕಟ್ಟಿತು. 2014ರಲ್ಲಿ ಲೀಗಿಗೆ ಮರಳಿದ ತಂಡ 2023ರಲ್ಲಿ ಪ್ರೀಮಿಯರ್ ಲೀಗನ್ನು ಮುಟ್ಟಿತು. ಮರುವರ್ಷ ಅಲ್ಲಿಂದ ಇಳಿಯಿತು; 2025ರಲ್ಲಿ ಇನ್ನೊಂದು ಮೆಟ್ಟಿಲು ಇಳಿಯಿತು. ಏರಲು ಒಂಬತ್ತು ವರ್ಷ. ಎರಡು ಮೆಟ್ಟಿಲು ಇಳಿಯಲು ಎರಡೇ ವರ್ಷ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಬೀಳುವುದು ಆಟದ ಧರ್ಮ; ಯಾರೋ ಒಬ್ಬರು ಕೊನೆಯವರಾಗಲೇಬೇಕು. ಆದರೆ ಬಿದ್ದವನು ಎಷ್ಟು ಆಳಕ್ಕೆ ಬೀಳಬೇಕೆಂಬುದನ್ನು ಆಟ ನಿರ್ಧರಿಸುವುದಿಲ್ಲ. ಮೇಲಿರುವವರು ಹಂಚಿಕೊಳ್ಳುವ ರೀತಿಯೂ, ಅವನೇ ಮೈಮೇಲೆ ಹೊತ್ತ ಸಾಲವೂ ನಿರ್ಧರಿಸುತ್ತವೆ. ಉಳಿದಂತೆ, ಯಾವ ಡಿವಿಷನ್ನಾದರೂ ಇರಲಿ, ಶನಿವಾರ ಮಧ್ಯಾಹ್ನ ಮಗುವಿನ ಕೈಹಿಡಿದು ಮೈದಾನಕ್ಕೆ ನಡೆಯುವ ತಂದೆಯೊಬ್ಬನು ಆ ಊರುಗಳಲ್ಲಿ ಇನ್ನೂ ಇದ್ದಾನೆ. ಕ್ಲಬ್ಬು ಎಂದರೆ ಅವನೇ. ಅವನಿಗೆ ಹಿಂಬಡ್ತಿಯಿಲ್ಲ.