ಗಸ್ತಿಯಿಂದ ರಜಾಕಾರರವರೆಗೆ: ಉದಗೀರ ಸೀಮೆ ಕಂಡ ದಿನಗಳು

ಉದಗೀರ, ನಿಲಂಗಾ 1956ರವರೆಗೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಪಕ್ಕದ ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಕನ್ನಡ, ಮರಾಠಿ ಎರಡೂ ಆಡುವ ಈ ಊರುಗಳ ಕಚೇರಿಯಲ್ಲಿ ನಡೆಯುತ್ತಿದ್ದದ್ದು ಉರ್ದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಪ್ರಜಾಪ್ರಭುತ್ವ ಇರಲೇ ಇಲ್ಲ. ಇದ್ದದ್ದು ಒಂದಿಷ್ಟು ಕಾಯಿದೆ, ಕೋರ್ಟು, ವಕೀಲರು. ಆ ಅಲ್ಪ ಆಸರೆಯೂ ಕೆಲವೇ ವರ್ಷಗಳಲ್ಲಿ ಕಳಚಿಬಿದ್ದುದನ್ನು ಈ ಸೀಮೆ ಕಣ್ಣಾರೆ ಕಂಡಿತು.

ಜನ ಅದನ್ನು ಮೊದಲು ಕಂಡದ್ದು ‘ಗಸ್ತಿ ನಿಶಾನ್ 53’ರಲ್ಲಿ. ಗಸ್ತಿ ಎಂದರೆ ಸರ್ಕಾರಿ ಸುತ್ತೋಲೆ. ಸಭೆ ಕೂಡಿಸಬೇಕೆಂದರೆ ಮುಂಚೆಯೇ ಅಧಿಕಾರಿಗಳ ಅಪ್ಪಣೆ ಬೇಕು ಎಂಬುದು ಅದರ ತಿರುಳು. ಖಾಸಗಿ ಶಾಲೆಗೂ ಅಪ್ಪಣೆಯ ಕಾಟ ತಪ್ಪಲಿಲ್ಲ. ಇಂಥ ಕಾಲದಲ್ಲೂ ಉಮರ್ಗಾ ಭಾಗದ ಹಿಪ್ಪರಗಾದಲ್ಲಿ ಒಂದು ರಾಷ್ಟ್ರೀಯ ಶಾಲೆ ನಡೆಯುತ್ತಿತ್ತು. ಅಲ್ಲಿ ಪಾಠ ಹೇಳಲು ಬಂದವರು ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ. ಮುಂದೆ ಕಾವಿ ತೊಟ್ಟು ಸ್ವಾಮಿ ರಾಮಾನಂದ ತೀರ್ಥರಾದರು, ಸಂಸ್ಥಾನದ ಕಾಂಗ್ರೆಸ್ಸನ್ನು ಮುನ್ನಡೆಸಿದರು.

ಆ ಕಾಂಗ್ರೆಸ್ ಹುಟ್ಟುವ ಮೊದಲೇ 1938ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1946ರಲ್ಲಿ. ಅದೇ 1938ರಲ್ಲಿ ಆರ್ಯ ಸಮಾಜದ ಕೆಲಸಕ್ಕಾಗಿ ಉದಗೀರದಲ್ಲಿ ಹೆಸರಾಗಿದ್ದ ವಕೀಲ ಭಾಯಿ ಶ್ಯಾಮಲಾಲ್ ಬೀದರ್ ಜೈಲಿನಲ್ಲಿ ಪ್ರಾಣಬಿಟ್ಟರು. ಕೋರ್ಟಿನಲ್ಲಿ ಕಾಯಿದೆಯನ್ನೇ ನಂಬಿ ವಾದಿಸುತ್ತಿದ್ದ ಮನುಷ್ಯ ಸೆರೆಯಿಂದ ಹೆಣವಾಗಿ ಹೊರಬಂದರು.

ಆದರೆ ಗಸ್ತಿ ಹೊರಡಿಸುತ್ತಿದ್ದ ಸರ್ಕಾರವೇ ಕೊನೆಗೆ ಇನ್ನೊಬ್ಬರ ಕೈಗೆ ಸಿಕ್ಕಿತು. ಲಾತೂರಿನ ವಕೀಲ ಕಾಸಿಂ ರಜ್ವಿ ನಿಜಾಮರ ಆಳ್ವಿಕೆಯ ಪರ ನಿಂತ ಮುಸ್ಲಿಮ್ ಸಂಘಟನೆ ಮಜ್ಲಿಸ್ ಇತ್ತೆಹಾದ್‌ನ ಅಧ್ಯಕ್ಷನಾದ ಮೇಲೆ ಅದರ ಸ್ವಯಂಸೇವಕ ಪಡೆಯಾದ ರಜಾಕಾರರ ದಳ ಹಳ್ಳಿಹಳ್ಳಿಗೂ ಹಬ್ಬಿತು. 1947ರ ಅಕ್ಟೋಬರ್ 27ರ ನಸುಕಿನಲ್ಲಿ, ಭಾರತದೊಡನೆ ಒಪ್ಪಂದಕ್ಕೆ ದಿಲ್ಲಿಗೆ ಹೊರಟಿದ್ದ ನಿಯೋಗದವರ ಮನೆಗಳನ್ನು ರಜ್ವಿಯ ಬೆಂಬಲಿಗರ ಗುಂಪು ಮುತ್ತಿತು. ಹೊರಡುವವರಿಗೆ ಹೊರಡಲಾಗಲಿಲ್ಲ. ಪ್ರಧಾನಿ ಛತ್ತಾರಿ ನವಾಬರು ಹುದ್ದೆ ಬಿಟ್ಟರು, ಅವರ ಜಾಗಕ್ಕೆ ಮೀರ್ ಲಾಯಕ್ ಅಲಿ ಬಂದರು. ಅರಸೊತ್ತಿಗೆ ತನ್ನ ಮಾತನ್ನು ತಾನೇ ನಡೆಸಲಾಗದ ಸ್ಥಿತಿಗೆ ಇಳಿದದ್ದು ಆ ನಸುಕಿನಲ್ಲೇ.

ಕಾಯಿದೆಯ ಆಸರೆ ಹೀಗೆ ಕುಸಿದದ್ದು ಇಲ್ಲಿ ಮಾತ್ರವಲ್ಲ; ಸೋವಿಯತ್ ಒಕ್ಕೂಟ ಒಡೆದ ಮೇಲೆ ಪೂರ್ವ ಯುರೋಪಿನ ಕೆಲವು ದೇಶಗಳಲ್ಲಿ ಆ ಕುಸಿತ ಬೇರೆ ದಾರಿಯಲ್ಲಿ ನಡೆಯಿತು. ಬೆಲಾರೂಸಿನಲ್ಲಿ 1994ರಲ್ಲಿ ಮತ ಪಡೆದೇ ಅಧ್ಯಕ್ಷರಾಗಿ ಬಂದ ಲುಕಾಶೆಂಕೊ 1996ರ ಜನಮತದ ಹೆಸರಿನಲ್ಲಿ ಸಂಸತ್ತಿನ ಬಲ ಮುರಿದರು. ಹಂಗೇರಿಯಲ್ಲಿ 2010ರಲ್ಲಿ ಮೂರನೇ ಎರಡರಷ್ಟು ಬಹುಮತ ಗಳಿಸಿದ ಓರ್ಬಾನ್ ಮರುವರ್ಷವೇ ಹೊಸ ಸಂವಿಧಾನ ತಂದರು. ಅಲ್ಲಿ ಮತಪೆಟ್ಟಿಗೆ ಇತ್ತು, ಇಲ್ಲಿ ಇರಲಿಲ್ಲ. ಆದರೂ ಎದುರು ಮಾತನಾಡುವವರ ಮೇಲೆ ಕಣ್ಣು ಬೀಳುವುದು ಎಲ್ಲೆಡೆಯೂ ಒಂದೇ. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆಯುತ್ತಿದ್ದ ‘ಇಮ್ರೋಜ್’ ಸಂಪಾದಕ ಶೋಯಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಲೆಯಾದರು. ಆತ ಮುಸ್ಲಿಮ್ ಎಂಬುದನ್ನು ಈ ಕಥೆ ಹೇಳುವವರು ಮರೆಯಬಾರದು.

ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಕಗ್ಗೊಲೆ ನಡೆಸಿದ್ದರು. ಸಂಸ್ಥಾನದ ಗಡಿಯಂಚಿನ ಹಳ್ಳಿಗರು ಆಚೆಗಿದ್ದ ಸೊಲ್ಲಾಪುರದ ಕಡೆ ಓಡಿದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಮಣಿದರು. ಜನ ಈ ಸೇನಾ ಕಾರ್ಯಾಚರಣೆಯನ್ನು ‘ಪೊಲೀಸ್ ಆಕ್ಷನ್’ ಎಂದೇ ಕರೆಯುತ್ತಾರೆ.

ಅಲ್ಲಿಗೆ ರಕ್ತ ನಿಲ್ಲಲಿಲ್ಲ. ಮುಂದಿನ ವಾರಗಳಲ್ಲಿ ಸೇಡಿಗೆ ಬಲಿಯಾದವರು ಮುಸ್ಲಿಮರು. ಅವರಲ್ಲಿ ರಜಾಕಾರರ ಮುಖವನ್ನೂ ಕಾಣದ ರೈತರು, ಕೂಲಿಗಳು ಇದ್ದರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ. ಸಂಸ್ಥಾನದಾದ್ಯಂತ ಸತ್ತವರು 27,000ದಿಂದ 40,000 ಎಂದು ಅದು ಅಂದಾಜು ಮಾಡಿತು. ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ.

1952ರಲ್ಲಿ ಈ ಜನಕ್ಕೆ ಮೊದಲ ಬಾರಿ ವಯಸ್ಕ ಮತದಾನದ ಹಕ್ಕು ಸಿಕ್ಕಿತು. ರಾಮಾನಂದ ತೀರ್ಥರು ಗುಲ್ಬರ್ಗದಿಂದ ಲೋಕಸಭೆಗೆ ಹೋದರು. 1956ರಲ್ಲಿ ಉದಗೀರ, ನಿಲಂಗಾ ಮುಂಬಯಿ ರಾಜ್ಯದ ಪಾಲಾದವು, ಬೀದರ್ ಮೈಸೂರಿಗೆ ಬಂತು. ಇಂದಿಗೂ ಸೆಪ್ಟೆಂಬರ್ 17ರಂದು ಮಹಾರಾಷ್ಟ್ರ-ಕರ್ನಾಟಕ ಗಡಿಯ ಎರಡೂ ಬದಿ ಧ್ವಜ ಏರುತ್ತದೆ. ಆ ದಿನ ಶಾಲೆಗಳಲ್ಲಿ ಮಾತನಾಡುವ ಮೇಷ್ಟ್ರುಗಳು ಶ್ಯಾಮಲಾಲರ ಜೊತೆ ಶೋಯಬುಲ್ಲಾ ಖಾನರ ಹೆಸರನ್ನೂ ಹೇಳಲಿ, ಗೋರ್ಟಾದ ಜೊತೆ ಸುಂದರಲಾಲ್ ವರದಿಯನ್ನೂ ಮಕ್ಕಳ ಮುಂದಿಡಲಿ.